ಬಾವಿದಂಡಿ ಹುಸೇನಪ್ಪ

ಭಾಳ ಹಿಂದಿನ ಮಾತು, ಹಿಂಗ ಹತ್ತಿರ ಬಂದು ಕೂಡ್ರಿ. ಹೊಳಿ ದೂರ, ನೀರು ಆಳ ಅನ್ನೋ ಒಂದೂರಾಗ ಏಕತಾರಿ ಹುಸೇನಪ್ಪ ಅನ್ನಾಂವ ಇದ್ದನಂತ. ಬಾವಿ ತೋಡೂದು ಅವನ ಕಸುಬು, ಹಾಡೂದು ಅವನ ಹಣೆಬರ. ಹಗಲೆಲ್ಲಾ ಮಣ್ಣು ಹೊತ್ತು, ಸಂಜಿಮುಂದ ಕಟ್ಟಿ ಮ್ಯಾಲ ಕುಂತು ಆ ಒಂಟಿ ತಂತಿ ಮೀಟಿದನಂದ್ರ ರೊಟ್ಟಿ ಬಡಿಯೋ ಹೆಣ್ಮಕ್ಕಳ ಕೈ ನಿಲ್ಲತಿತ್ತಂತ, ಹಂಚಿನ ಮ್ಯಾಲಿನ ರೊಟ್ಟಿ ಕರಕಾಗತಿತ್ತಂತ. ನೀರು ಎಳಿಯೋ ಎತ್ತು ಸುದ್ದಾ ಕಿವಿ ನಿಗುರಿಸಿ ನಿಂತುಬಿಡತಿದ್ವು, ಅಂತಾರ.

ಖುಷಿ ಹಾಡು ಅವಂಗ ಬರತಿರಲಿಲ್ಲ. ಕೂಸು ಕಳಕೊಂಡಾಕಿ, ಗಂಡ ಬಿಟ್ಟಾಕಿ, ಬೆಂಕಿಗೆ ಬಣವಿ ಹೋದಾಂವ, ಎಲ್ಲಾರೂ ಅವನ ಕಟ್ಟಿಗೆ ಬರತಿದ್ರಂತ. ಅಂವ ಸಮಾಧಾನ ಹೇಳತಿರಲಿಲ್ಲ. ಸತ್ತವರ, ಬಿಟ್ಟುಹೋದವರ ಹೆಸರು ಕೇಳಿ ಹಾಡಿನಾಗ ಸೇರಸತಿದ್ದ, ಅಷ್ಟ. ಅದರಿಂದ ದುಃಖ ಕಡಿಮಿ ಆಗತಿರಲಿಲ್ಲಂತ. ಆದರ ಅಳಾಕ ಜೋಡಿ ಸಿಗತಿತ್ತಂತ.

ಅವನ ಹೆಂಡ್ತಿ ಹುಲಿಗೆವ್ವ. ಆಕಿಗೆ ಹಾಡು ಹತ್ತತಿರಲಿಲ್ಲ. ಬೀಸುಕಲ್ಲಿನ ಮುಂದ ಕುಂತರೂ ಬಾಯಿ ಮುಚ್ಚಿಕೊಂಡ ಬೀಸಾಕಿ. ಆಕಿಗೊಬ್ಬ ತಮ್ಮ, ತಾಯಪ್ಪ ಅಂತ. ಅವ್ವ ಸತ್ತಮ್ಯಾಲ ಹುಲಿಗೆವ್ವನೇ ಅವನ್ನ ಎತ್ತಿ ಆಡಿಸಿ ದೊಡ್ಡಾಂವನ ಮಾಡಿದ್ದಳು. ತಾಯಪ್ಪನೂ ಬಾವಿ ತೋಡಾಂವನ. ಆದರ ಅಕ್ಕನ ಗಂಡನ ಹಾಡು ಅಂದ್ರ ಅವಂಗ ಕಾಲಾಗಿನ ಮುಳ್ಳು.

"ಅಕ್ಕಾ, ನಿನ್ನ ಗಂಡ ಹೆಣದ ಮುಂದ ಹಾಡಾಂವ. ನಾ ಬಾವ್ಯಾಗ ಇಳದಾಗ ಆ ದನಿ ಬ್ಯಾಡ, ಅಪಶಕುನ," ಅಂತ ನಾಕು ಮಂದಿ ಮುಂದ ಅಂದುಬಿಟ್ಟಿದ್ದ. ಅವತ್ತಿನಿಂದ ಹುಸೇನಪ್ಪ, ತಾಯಪ್ಪ ಕೆಳಗ ಇದ್ದಾಗ ಏಕತಾರಿ ಮುಟ್ಟೂದ ಬಿಟ್ಟ.

ಒಂದು ಬ್ಯಾಸಗ್ಯಾಗ ಊರ ಹೊರಗ ಹೊಸಾ ಬಾವಿ ತೋಡಾಕತ್ತಿದ್ರು. ಮಧ್ಯಾಹ್ನದಾಗ ಒಂದು ಕಡೆ ಗ್ವಾಡಿ ಕುಸೀತು. ಉಳಿದವರು ಹಗ್ಗ ಹಿಡದು ಮ್ಯಾಲ ಬಂದ್ರು, ತಾಯಪ್ಪ ಬರಲಿಲ್ಲ. ಒಂದು ದೊಡ್ಡ ಬಂಡಿಗಲ್ಲು ಅವನ ಮ್ಯಾಲ ಓರಿಯಾಗಿ ನಿಂತು ಉಸಿರಾಡೋವಷ್ಟು ಜಾಗಾ ಬಿಟ್ಟಿತ್ತು. ಒಂದು ಬುಟ್ಟಿ ಮಣ್ಣು ತಗದ್ರ ಎರಡು ಬುಟ್ಟಿ ಜಾರಿ ಬೀಳತಿತ್ತಂತ. ಹುಲಿಗೆವ್ವ ಓಡಿ ಬಂದು ದಂಡಿಮ್ಯಾಲ ಬೋರಲ ಬಿದ್ದು ಕೂಗಿದಳು.

ಮಣ್ಣಿನೊಳಗಿಂದ ದನಿ ಬಂತು. "ಅಕ್ಕಾ, ಕತ್ತಲ ಐತಿ. ಯಾರರ ಮಾತಾಡ್ರಿ."

ಏನಂತ ಮಾತಾಡೂದು? ಧೈರ್ಯ ಹೇಳಿದ್ರು, ದೇವರ ಹೆಸರು ಹೇಳಿದ್ರು, ಅಲ್ಲಿಗೆ ಮಂದಿಯ ಮಾತು ಮುಗೀತು. ಹುಲಿಗೆವ್ವ ಗಂಡನ ಮಾರಿ ನೋಡಿದಳು. ಅಂವ ತಲಿ ತಗ್ಗಿಸಿ ನಿಂತಿದ್ದ.

"ಹಾಡು," ಅಂದಳು.

"ಅವಂಗ ಬ್ಯಾಡಾಗಿತ್ತಲ್ಲ..."

"ನಾ ಹೇಳಾಕತ್ತೀನಿ, ಹಾಡು."

ಹುಸೇನಪ್ಪ ದಂಡಿಗೆ ಕುಂತು ದನಿ ತಗದ. 'ಮಣ್ಣಿನ ಮನಿಗೆ ಬಾಗಿಲ ಎಲ್ಲೈತೋ' ಅನ್ನೋ ಪದ. ಕಟ್ಟಿ ಮ್ಯಾಲ ಹಾಡಿದಾಗ 'ಎಲ್ಲೈತೋ' ಅಂತ ಊರ ಮಂದಿ ದನಿಗೂಡಸತಿದ್ರು. ಅವತ್ತು ಮಂದಿ ಸುಮ್ಮನ ನಿಂತಿದ್ರು. ಆವಾಗ ನೆಲದ ಒಳಗಿಂದ ತಾಯಪ್ಪ "ಎಲ್ಲೈತೋ" ಅಂದನಂತ. ಆ ದನಿ ಹಿಡಕೊಂಡು ಅಂವ ಎಲ್ಲಿದ್ದಾನ ಅಂತ ಗುರ್ತು ಮಾಡಿ ಅಗದ್ರು. ಹುಸೇನಪ್ಪ ಹಾಡತಿದ್ದ, ಕೆಳಗಿನಾಂವ ದನಿಗೂಡಸತಿದ್ದ, ಇವರು ಅಗಿಯತಿದ್ರು. ಹೊತ್ತು ವಾಲಿತು. ಕೆಳಗಿನ ದನಿ ಸಣ್ಣಾಗಿ, ಇನ್ನೂ ಸಣ್ಣಾಗಿ, ನಿಂತುಹೋತು.

ಊರ ಗೌಡ ಹುಸೇನಪ್ಪನ ಹೆಗಲಿಗೆ ಕೈಯಿಟ್ಟು, ಸಾಕು ಬಿಡಪಾ ಅಂದ. ಹುಲಿಗೆವ್ವ ಆ ಕೈ ತಗದು ಹಾಕಿದಳು. "ಅವನ ಬಾಯಿ ನಿಂತಿರಬೇಕು ಗೌಡ್ರ, ಕಿವಿ ಇನ್ನೂ ನಿಂತಿರಂಗಿಲ್ಲ," ಅಂದಳು.

ಅಂವ ಹಾಡಿದ. ಗಂಟಲಾಗ ರಕ್ತ ಬಂತು, ಉಗುಳಿ ಹಾಡಿದ. ಹೆಣ ಮ್ಯಾಲ ಬರೂತನಕ ಹಾಡಿದ. ತಾಯಪ್ಪನ ಬಲಗೈ ಬೆರಳಿನ ತುದಿ ಚರ್ಮ ಕಿತ್ತಿತ್ತಂತ, ಬಂಡಿಗಲ್ಲಿನ ಮ್ಯಾಲ ತಾಳ ಹಾಕಿ ಹಾಕಿ. ಆ ಕೈ ಹಿಡಕೊಂಡ ಮ್ಯಾಲ ಹುಲಿಗೆವ್ವ ಅತ್ತಳು, ಅಂತಾರ.

ಅಲ್ಲಿಂದ ಮುಂದ ಎಲ್ಲಿ ಬಾವಿ ಕುಸಿದ್ರೂ ಹುಸೇನಪ್ಪಗ ಕರೆ ಬರತಿತ್ತು. ಕೆಲವರು ಜೀವಂತ ಬಂದ್ರು, ಭಾಳ ಮಂದಿ ಬರಲಿಲ್ಲ. ಕಟ್ಟಿ ಮ್ಯಾಲಿನ ಹಾಡು ನಿಂತಹೋತು. ಅಂವ ಏಕತಾರಿ ಹಿಡದು ದಾರ್ಯಾಗ ಹೊಂಟ್ರ, ಹಿಂದ ಅವನ ಹಾಡಿಗೆ ಅತ್ತಿದ್ದ ಹೆಂಗಸರೇ ಅಪಶಕುನ ಅಂತ ಮಕ್ಕಳನ್ನ ಒಳಗ ಎಳಕೊಂಡು ಬಾಗಿಲ ಮುಚ್ಚತಿದ್ರು. ತಮ್ಮ ಮನಿಯಾಂವ ಬಾವ್ಯಾಗ ಸಿಕ್ಕಿಬಿದ್ದಾಗ ಅವರೇ ಬಂದು ಇವನ ಬಾಗಿಲ ಬಡಿಯತಿದ್ರು. ಹುಲಿಗೆವ್ವ ಎದ್ದು ಗಂಡನ ಕೈಯಾಗ ಏಕತಾರಿ ಕೊಡತಿದ್ದಳು.

ಮಣ್ಣಿನ ಧೂಳು ಎದಿಗೆ ಕುಂತು, ಕೆಮ್ಮಿ ಕೆಮ್ಮಿ ಹುಸೇನಪ್ಪ ಸತ್ತ. ಹೆಣಾನ ಗ್ವಾಡಿಗೆ ಆನಿಸಿ ಕೂಡ್ರಿಸಿದ್ರು. ಬಾಗಿಲ ಮುಚ್ಚಿದವರೂ ಬಂದ್ರು, ಬಾಯಿ ಬಡಕೊಂಡು ಅತ್ರು. ಇನ್ನೇನು ಎತ್ತಬೇಕು, ಆಚಿ ಊರಿಂದ ಒಬ್ಬಾಂವ ಏದುಸಿರು ಬಿಡಕೋತ ಓಡಿಬಂದ. ಅವರೂರಾಗ ಬಾವಿ ಕುಸಿದಿತ್ತು. ಅಷ್ಟು ಹೇಳಿದಾಂವ ಹೆಣಾ ನೋಡಿ ತಿರುಗಿ ಹೊಂಟ.

ಹುಲಿಗೆವ್ವ ಎದ್ದಳು. "ದನಿ ಕೇಳಸತೈತೇನು?" ಅಂತ ಕೇಳಿದಳು. ಅಂವ ಹೂಂ ಅಂದ. ಆಕಿ ಗ್ವಾಡಿ ಮ್ಯಾಲಿನ ಏಕತಾರಿ ಇಳಿಸಿದಳು.

ಹಿರೇರು ಅಡ್ಡ ಬಂದ್ರು. ಗಂಡನ ಹೆಣಾ ಬಿಟ್ಟು ಹೊಂಟೀಯೇನ, ಇದು ಎಲ್ಲಿ ಪದ್ಧತಿ ಅಂದ್ರು.

"ಇಂವ ಕಾಯ್ತಾನ. ಅವಂಗ ಕಾಯಾಕ ಆಗಂಗಿಲ್ಲ," ಅಂದಳಂತ.

ಸುರ ಇಲ್ಲ, ತಾಳ ಇಲ್ಲ, ಒಡಕು ಗಡಿಗಿಯಂಥ ದನಿ. ಅದರಾಗನ ಹುಲಿಗೆವ್ವ ಆ ಬಾವಿ ದಂಡಿಗೆ ಕುಂತು ಗಂಡನ ಪದ ಹಾಡಿದಳು. ಕೆಳಗ ಸಿಕ್ಕಿದ್ದ ಮನಿಶಾ ಬದುಕಿ ಬಂದ ಅಂತ ಕೆಲವರು ಹೇಳ್ತಾರ. ನಮ್ಮ ಕಡೆ ಹಿರೇರು ಹಂಗ ಹೇಳಂಗಿಲ್ಲ. ಹೊತ್ತು ಮುಣಗೂದರೊಳಗ ಕೆಳಗಿನ ಆ ದನಿನೂ ನಿಂತಿತಂತ. ಹುಲಿಗೆವ್ವ ತಿರುಗಿ ಬಂದಳು, ಆಮ್ಯಾಲ ಹುಸೇನಪ್ಪನ್ನ ಮಣ್ಣು ಮಾಡಿದ್ರು.

ಇವತ್ತಿಗೂ ಆ ಸೀಮ್ಯಾಗ ಬಾವಿ ತೋಡಿದ್ರ ಮೊದಲ ಹಸಿಮಣ್ಣು ಒಂದು ಹಿಡಿ ಒಯ್ದು ಅವನ ಗೋರಿ ಮ್ಯಾಲ ಹಾಕತಾರ. ಆ ಗುಡ್ಡಿ ಈಗ ಆಳೆತ್ತರ ಆಗೇತಿ. ಮಂದಿ ಕೆಳಗ ಇಳದಾಗ ದಂಡಿಮ್ಯಾಲ ಒಬ್ಬರು ಕುಂತು ಹಾಡಬೇಕು. ನನಗ ಹಾಡು ಬರಂಗಿಲ್ಲ ಅಂತ ಅಲ್ಲಿ ಯಾರೂ ಅನ್ನಂಗಿಲ್ಲ. ಜೋಗುಳ ಹಾಡತಾರ, ಸಿನಿಮಾದ ಹಾಡು ಹಾಡತಾರ, ಬಾಯಿಗೆ ಬಂದಿದ್ದು ಹಾಡತಾರ. ಕಡೀ ಮನಿಶಾನ ತಲಿ ಮ್ಯಾಲ ಕಾಣೂತನಕ ನಿಲ್ಲಸಂಗಿಲ್ಲ.