ಮೊದಲೇ ಹೊಡೆದ ಅಚ್ಚು

ಹರಿಹರದ ಹೊಳೆದಂಡೆಯ ಹುಚ್ರಾಯಪ್ಪ ಗುರುಗಳು ಗಾಳಿ ಬಾಟ್ಲಿಯನ್ನು ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟಿದರೆ ಸಾಕು, ಅದು ಯಾವ ವರ್ಷ ಯಾವ ಊರಲ್ಲಿ ಸಿಡಿಯುತ್ತದೆ ಎಂದು ಹೇಳಿಬಿಡುತ್ತಿದ್ದರು. ಅಂಥವರು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದಿಲ್ಲ.

ಇದು ಶುದ್ಧ ಸುಳ್ಳು. ಅವರೂ ಎಲ್ಲರ ಹಾಗೆ ಕನ್ನಡಕ ಒರೆಸಿಕೊಂಡು, ಬಾಟ್ಲಿಗೆ ನೀರು ತುಂಬಿ, ಪಂಪು ಒತ್ತಿ, ಮಾಪಕದ ಮುಳ್ಳು ನೋಡಿಯೇ ಹೇಳುತ್ತಿದ್ದರು. ಆದರೆ ಸುಳ್ಳು ಕೇಳಲು ಚೆನ್ನಾಗಿತ್ತು, ಊರು ನಂಬಿತ್ತು. ಶಿಷ್ಯ ಕೊಟ್ರೇಶಿಯೂ ನಂಬಿದ್ದ. ಎಡವಟ್ಟಾದದ್ದು ಅಲ್ಲೇ.

ಗುರುಗಳ ಆಶ್ರಮ ಅಂದರೆ ಒಂದು ತಗಡಿನ ಶೆಡ್ಡು.

ಬಣ್ಣದ ಗುಂಡು ಹಾರಿಸಿ ಆಡುವ ಪೇಂಟ್‌ಬಾಲ್ ಬಂದೂಕಿಗೆ ಗೇಣುದ್ದದ ಉಕ್ಕಿನ ಬಾಟ್ಲಿ ಇರುತ್ತದೆ. ಅದರೊಳಗೆ ಗಾಳಿಯನ್ನು ಒತ್ತಿ ಒತ್ತಿ ತುಂಬಿರುತ್ತಾರೆ. ಕೆಲವು ವರ್ಷಕ್ಕೊಮ್ಮೆ ಅದರ ಪರೀಕ್ಷೆ ಆಗಬೇಕು. ನೀರಿನ ಒತ್ತಡಕ್ಕೆ ಬಾಟ್ಲಿ ಕೂದಲೆಳೆಯಷ್ಟು ಉಬ್ಬುತ್ತದೆ. ಒತ್ತಡ ಬಿಟ್ಟಾಗ ಮೊದಲಿನಂತಾದರೆ ಅದರ ಹೆಗಲ ಮೇಲೆ ತಾರೀಖು, ಜೊತೆಗೆ ಗುರುಗಳ ಹೆಸರಿನ ಅಚ್ಚು. ಉಬ್ಬಿದ್ದು ಹಾಗೇ ಉಳಿದರೆ ಹೊಟ್ಟೆಗೆ ತೂತು, ಮತ್ತೆಂದೂ ಯಾರೂ ಗಾಳಿ ತುಂಬದಂತೆ.

ಆ ಅಚ್ಚು ಇದ್ದರೆ ಶೆಡ್ಡು. ಇಲ್ಲದಿದ್ದರೆ ಬರೀ ತಗಡು.

ಕೊಟ್ರೇಶಿ ಅದಕ್ಕಾಗಿ ವರ್ಷಗಟ್ಟಲೆ ಕಾದಿದ್ದ. ಒಂದು ಬೆಳಿಗ್ಗೆ ಗುರುಗಳು ಅದನ್ನು ಅವನ ಅಂಗೈಯಲ್ಲಿಟ್ಟರು. ಪರೀಕ್ಷೆ ಮೊದಲು, ಅಚ್ಚು ಆಮೇಲೆ, ತಪ್ಪಿದರೆ ವಾಪಸ್ ಕೊಡಬೇಕು ಎಂದಷ್ಟೇ ಹೇಳಿ ಸ್ನಾನಕ್ಕೆ ಹೊಳೆಗೆ ಇಳಿದರು.

ಆ ಹೊತ್ತಿಗೇ ಶಕುಂತಲಾ ಪಿಸೆ ಸ್ಕೂಟರಿನಲ್ಲಿ ಬಂದಳು. ಊರಾಚೆ ಪೇಂಟ್‌ಬಾಲ್ ಮೈದಾನ ನಡೆಸುವವಳು. ಚೀಲದ ತುಂಬ ಬಾಟ್ಲಿ. ಮಧ್ಯಾಹ್ನ ದಾವಣಗೆರೆಯಿಂದ ಒಂದು ತಂಡ ಆಡಲು ಬರುವುದಿತ್ತು.

"ಏನಪ್ಪಾ ಕೊಟ್ರೇಶಿ, ಇವತ್ತು ನೀನೇ ಗುರುಗಳಾ?" ಎಂದು ಚುಡಾಯಿಸಿದಳು.

ಕೊಟ್ರೇಶಿ ಉಬ್ಬಿದ. ಬಾಟ್ಲಿಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದನ್ನೂ ಗೆಣ್ಣಿನಿಂದ ತಟ್ಟಿದ. ಎಲ್ಲವೂ ಗಂಟೆಯ ಹಾಗೆ ನುಡಿದವು. ಶಕುಂತಲಕ್ಕನಿಗೆ ಅವಸರ, ತನಗೆ ಸಂಭ್ರಮ. ಸುತ್ತಿಗೆ ಎತ್ತಿ ಎಲ್ಲದರ ಹೆಗಲಿಗೂ ಅಚ್ಚು ಹೊಡೆದುಬಿಟ್ಟ. ಆಮೇಲೆ ಪರೀಕ್ಷೆಗೆ ಇಳಿಸಿದ.

ಒಂದರ ಹಿಂದೆ ಒಂದು ಪಾಸಾಯಿತು. ಒತ್ತಡ ಬಿಟ್ಟಾಗ ಕೊನೆಯದರ ಮುಳ್ಳು ಮಾತ್ರ ಅರ್ಧ ದಾರಿಯಲ್ಲಿ ನಿಂತಿತು. ಕಾದ. ಗಾಜಿನ ಮೇಲೆ ತಟ್ಟಿದ. ಮುಳ್ಳು ಹಿಂದಕ್ಕೆ ಬರಲಿಲ್ಲ.

ಅಕ್ಕ ಅದರ ಮೇಲಿದ್ದ ಅಚ್ಚು ನೋಡಿ ಕೈ ಚಾಚಿದಳು.

ಹೇಳಬಹುದಿತ್ತು. ಹೇಳಿದರೆ ಬೆಳಿಗ್ಗೆ ಬಂದ ಅಚ್ಚು ಬೆಳಿಗ್ಗೆಯೇ ಹೋಗುತ್ತಿತ್ತು. ಸಂಜೆ ಏನಾದರೂ ನೆಪ ಹೇಳಿ ವಾಪಸ್ ತಂದರಾಯಿತು ಎಂದುಕೊಂಡು, ಬಾಟ್ಲಿಯನ್ನು ಒಣಗಿಸಿ, ಚೆನ್ನಾಗಿ ಒರೆಸಿ ಕೊಟ್ಟ.

ಸ್ಕೂಟರಿನ ಸದ್ದು ಅಡಗಿತು. ಕೊಟ್ರೇಶಿಗೆ ನಿಲ್ಲಲಾಗಲಿಲ್ಲ. ಉಟ್ಟ ಬಟ್ಟೆಯಲ್ಲೇ ಹೊಳೆಗೆ ಇಳಿದು, ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಎಲ್ಲ ಹೇಳಿದ.

ಗುರುಗಳು ಬೈಯಲಿಲ್ಲ. ಒದ್ದೆ ಪಂಚೆಯಲ್ಲೇ ಮೇಲೆ ಬಂದು ಅಕ್ಕನಿಗೆ ಫೋನು ಮಾಡಿ, ಯಾವುದಕ್ಕೂ ಗಾಳಿ ತುಂಬಬೇಡ ಎಂದರು. ಆಮೇಲೆ ಇಬ್ಬರೂ ಗಾಡಿ ಹತ್ತಿದರು.

ಮೈದಾನದಲ್ಲಿ ಪಂಪು ನಿಂತಿತ್ತು. ಅಕ್ಕ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

"ನನ್ನ ತಂಗಿ ಮಗಳು ಇದನ್ನ ಎದೆಗೊತ್ತಿಕೊಂಡು ಆಡ್ತಾಳೆ, ಗುರುಗಳೇ. ಉಳಿದವನ್ನ ನಂಬಲೋ ಬೇಡವೋ, ನೀವೇ ಹೇಳಿ."

ಉಳಿದವೆಲ್ಲ ನಿಜವಾಗಿಯೂ ಪಾಸಾಗಿವೆ ಎನ್ನಲು ಕೊಟ್ರೇಶಿ ಬಾಯಿ ತೆರೆದ. ಗುರುಗಳು ಕೈ ಎತ್ತಿ ತಡೆದರು. ಎಲ್ಲವನ್ನೂ ಹುಬ್ಬಳ್ಳಿಯ ಪರೀಕ್ಷೆಯವರಿಗೆ ಕಳಿಸಿ ಇನ್ನೊಮ್ಮೆ ನೋಡಿಸಮ್ಮ ಎಂದರು. ಕೆಟ್ಟ ಬಾಟ್ಲಿಯನ್ನು ಮಾತ್ರ ತಾವು ತೆಗೆದುಕೊಂಡರು. ತಮ್ಮ ಅಚ್ಚು ಬಿದ್ದ ಬಾಟ್ಲಿಯನ್ನು ಬೇರೆಯವರ ಹತ್ತಿರ ಕಳಿಸಿ ಎಂದು ಅವರು ಯಾವತ್ತೂ ಹೇಳಿದವರಲ್ಲ.

ಶೆಡ್ಡಿಗೆ ಬಂದು ಗುರುಗಳು ಬಾಟ್ಲಿಯ ಹೊಟ್ಟೆಗೆ ತೂತು ಕೊರೆದರು.

ಅಲ್ಲಿಗೆ ಮುಗಿಯಿತು ಎಂದುಕೊಂಡ ಕೊಟ್ರೇಶಿ, ಮಾತಿನಂತೆ ಅಚ್ಚನ್ನು ಹಿಂದಕ್ಕೆ ಕೊಟ್ಟ. ಗುರುಗಳು ಅದನ್ನು ಬೆಳಕಿಗೆ ಹಿಡಿದು ಒಂದು ಗಳಿಗೆ ನೋಡಿದರು. ಆಮೇಲೆ ಸಾಣೆ ಯಂತ್ರದ ಗುಂಡಿ ಒತ್ತಿ, ಅಚ್ಚಿನ ಮುಖವನ್ನು ತಿರುಗುವ ಕಲ್ಲಿಗೆ ಒತ್ತಿದರು.

ಕಿಡಿ ಹಾರಿತು. ಕೊಟ್ರೇಶಿ ಅವರ ಮೊಣಕೈ ಹಿಡಿದುಕೊಂಡ. ಅಷ್ಟರಲ್ಲಿ ಅಕ್ಷರ ಸವೆದು ಹೋಗಿತ್ತು.

"ತಪ್ಪು ನನ್ನದು, ಗುರುಗಳೇ. ಹೊಡೆದವನು ನಾನು."

"ಬಾಟ್ಲಿ ಮೇಲೆ ನಿನ್ನ ಹೆಸರು ಎಲ್ಲಿದೆ, ತೋರಿಸು."

"ಒಂದೇ ಒಂದು ಬಾಟ್ಲಿ. ಅದಕ್ಕೂ ತೂತು ಬಿತ್ತಲ್ಲ."

"ಬಾಟ್ಲಿಗೆ ಬಿತ್ತು. ನಂಬಲೋ ಬೇಡವೋ ಅಂತ ಅಕ್ಕ ಕೇಳಿದ್ದಕ್ಕೆ ಉತ್ತರ?"

ಕೊಟ್ರೇಶಿ ತೂತು ಬಿದ್ದ ಬಾಟ್ಲಿಯನ್ನು ಮೂಲೆಗಿಟ್ಟು, ನನ್ನನ್ನು ಯಾಕೆ ಬೈಯುವುದಿಲ್ಲ ಎಂದು ಕೇಳಿದ.

"ಪರೀಕ್ಷೆಗೆ ಗಾಳಿ ಬಿಟ್ಟು ನೀರು ಯಾಕೆ ತುಂಬ್ತೀವಿ?"

"ಒಡೆದರೂ ಸಿಡಿಯಬಾರದು ಅಂತ. ಯಾರಿಗೂ ಪೆಟ್ಟಾಗಬಾರದು ಅಂತ."

"ನಿನಗೆ ಮೊದಲು ನೀರು ತುಂಬಿ ನೋಡಬೇಕಿತ್ತು ಕಣೋ. ನಾನು ಅಚ್ಚು ಕೈಗಿಟ್ಟು ಒಂದೇ ಸಲಕ್ಕೆ ಗಾಳಿ ತುಂಬಿದೆ."

ಕಲ್ಲು ತಿರುಗಿ ತಿರುಗಿ ನಿಂತಿತು. ಗುರುಗಳು ಕೈಗಂಟಿದ ಕಬ್ಬಿಣದ ಪುಡಿಯನ್ನು ಪಂಚೆಗೆ ಒರೆಸಿಕೊಂಡು, ಶಿಷ್ಯನ ಹೆಗಲ ಮೇಲೆ ಕೈಯಿಟ್ಟರು.

"ನಡಿ, ಚಹಾ ಕುಡಿಯೋಣ. ನೀನೇ ಕೊಡಿಸಬೇಕಪ್ಪ, ನನ್ನ ಕಸುಬು ಇವತ್ತಿಗೆ ಮುಗೀತು."