ಗಿಡ್ಡಿ ಕೋಳಿ ಕಲಿತ ಹಡಗಿನ ಮಾತು

ಬನ್ನಿ ಮಕ್ಕಳೇ, ಹತ್ತಿರ ಕೂತ್ಕೊಳ್ಳಿ. ಕಡಲ ದಂಡೆಯಲ್ಲಿ ಒಂದು ಊರು. ಆ ಊರಲ್ಲಿ ಒಂದು ಗಿಡ್ಡಿ ಕೋಳಿ. ಕಾಲು ಗಿಡ್ಡ, ಹಟ ಉದ್ದ!

ಗಿಡ್ಡಿ ಒಂದು ಮೊಟ್ಟೆ ಇಟ್ಟಳು. ಎಲ್ಲಿ? ಬುಟ್ಟಿಯಲ್ಲಿ ಅಲ್ಲ. ಹಡಗಿನ ಹಗ್ಗದ ಸುರುಳಿಯಲ್ಲಿ! ಅಲ್ಲಿ ಬೆಚ್ಚಗಿತ್ತಂತೆ. ನಾವಿಕ ಬಂದ. ಸುರುಳಿ ಎತ್ತಿದ. ಹಡಗಿಗೆ ಒಯ್ದ. ಮೊಟ್ಟೆ ಉರುಳಿತು, ಉರುಳಿತು, ಹಾಯಿಬಟ್ಟೆಯ ಮಡಿಕೆಯೊಳಗೆ ಹೋಯಿತು. ಹಾಯಿಯ ತುದಿಯ ಮೇಲೆ ನಾವಿಕ ಕೂತ.

ಕಡಲು ಉಬ್ಬಿದರೆ ಹಡಗು ಹೊರಡುತ್ತದೆ. ಹಡಗು ಹೊರಟರೆ ಮೊಟ್ಟೆಯೂ ಹೋಗುತ್ತದೆ!

ಗಿಡ್ಡಿ ಓಡಿದಳು. "ನಾವಿಕಣ್ಣ, ಏಳು! ನನ್ನ ಮೊಟ್ಟೆ ಕೊಡು!"

ನಾವಿಕನಿಗೆ ಕನ್ನಡ ಬಾರದು. ಅವನದು ಅರಬ್ಬಿ. ತಲೆ ಆಡಿಸಿದ. ಹಡಗಿನ ಅಡುಗೆಯವನ ಕಡೆ ಬೆರಳು ತೋರಿಸಿದ.

ನಾವಿಕ ಏಳಲ್ಲ,
ಹಾಯಿ ಸರಿಯಲ್ಲ,
ಮೊಟ್ಟೆ ಸಿಗಲ್ಲ.
"ಆದ್ರೂ ನಾನು ಬಿಡಲ್ಲ!"

ಗಿಡ್ಡಿ ಓಡಿದಳು. "ಅಡುಗೆಯಣ್ಣ, ನಾವಿಕನಿಗೆ ಹೇಳು!"

ಅಡುಗೆಯವನಿಗೆ ಅರಬ್ಬಿ ಬರುತ್ತೆ, ಕನ್ನಡ ಬಾರದು. ಅವನದು ಸ್ವಾಹಿಲಿ. ತಲೆ ಆಡಿಸಿದ. ದರ್ಜಿಯ ಕಡೆ ಸೌಟು ತೋರಿಸಿದ.

ಅಡುಗೆಯವನು ಹೇಳಲ್ಲ,
ನಾವಿಕ ಏಳಲ್ಲ,
ಹಾಯಿ ಸರಿಯಲ್ಲ,
ಮೊಟ್ಟೆ ಸಿಗಲ್ಲ.
"ಆದ್ರೂ ನಾನು ಬಿಡಲ್ಲ!"

ಗಿಡ್ಡಿ ಓಡಿದಳು. ದರ್ಜಿ ಹರಿದ ಹಾಯಿ ಹೊಲಿಯುತ್ತಿದ್ದ. "ದರ್ಜಿಯಣ್ಣ, ಅಡುಗೆಯವನಿಗೆ ಹೇಳು!"

ದರ್ಜಿಗೆ ಸ್ವಾಹಿಲಿ ಬರುತ್ತೆ, ಕನ್ನಡ ಬಾರದು. ಅವನದು ದೂರದ ಮಲಯ ಮಾತು. ತಲೆ ಆಡಿಸಿದ. ದಂಡೆಯ ಕಡೆ ಸೂಜಿ ತೋರಿಸಿದ. ಅಲ್ಲಿ ಮೀನು ಮಾರುವ ದುರ್ಗಕ್ಕ ಕೂತಿದ್ದಳು.

ದರ್ಜಿ ಹೇಳಲ್ಲ,
ಅಡುಗೆಯವನು ಹೇಳಲ್ಲ,
ನಾವಿಕ ಏಳಲ್ಲ,
ಹಾಯಿ ಸರಿಯಲ್ಲ,
ಮೊಟ್ಟೆ ಸಿಗಲ್ಲ.
"ಆದ್ರೂ ನಾನು ಬಿಡಲ್ಲ!"

ಗಿಡ್ಡಿ ದಂಡೆಗೆ ಓಡಿದಳು. "ದುರ್ಗಕ್ಕಾ, ದರ್ಜಿಗೆ ಹೇಳು!" ದುರ್ಗಕ್ಕನಿಗೆ ಕನ್ನಡ ಬರುತ್ತೆ. ಮಲಯ ಮಾತೂ ಬರುತ್ತೆ. ಹಡಗಿನವರಿಗೆ ಮೀನು ಮಾರಿ ಮಾರಿ ಕಲಿತವಳು. ಆದರೆ ಅವಳು ಏನಂದಳು ಗೊತ್ತಾ?

"ಒಂದು ಮೊಟ್ಟೆಗೆ ಇಷ್ಟು ರಂಪ ಎಂತಕ್ಕೆ ಮಾರಾಯ್ತಿ? ನಾಳೆ ಇನ್ನೊಂದು ಇಡು. ಹೋಗ್ಲಿ ಬಿಡು."

ಗಿಡ್ಡಿಗೆ ಸಿಟ್ಟು ಬಂತು. ರೆಕ್ಕೆ ಕೆದರಿ ನಿಂತಳು.

"ನಾಳೆಯ ಮೊಟ್ಟೆ ನಾಳೆಗೆ! ಇದು ನನ್ನ ಇವತ್ತಿನ ಮೊಟ್ಟೆ! ಬೇಕಾದರೆ ಎಲ್ಲರ ಮಾತೂ ಕಲೀತೀನಿ. ಬಿಡಲ್ಲ ಅಂದ್ರೆ ಬಿಡಲ್ಲ!"

ಕಡಲು ಉಬ್ಬುತ್ತಿತ್ತು. ದುರ್ಗಕ್ಕ ನಕ್ಕಳು. "ಹಾಗಾದ್ರೆ ಕಲಿ. ದಯವಿಟ್ಟು ಅನ್ನೋದಕ್ಕೆ ದರ್ಜಿ ತೊಲೋಂಗ್ ಅಂತಾನೆ."

ಗಿಡ್ಡಿ ಓಡಿದಳು. "ತೊಲೋಂಗ್!" ದರ್ಜಿ ಹಿಗ್ಗಿದ. ಅದನ್ನೇ ಸ್ವಾಹಿಲಿಯಲ್ಲಿ ಹೇಳಿಕೊಟ್ಟ.

ಗಿಡ್ಡಿ ಓಡಿದಳು. "ತಫದಾಲಿ!" ಅಡುಗೆಯವನು ಹಿಗ್ಗಿದ. ಅದನ್ನೇ ಅರಬ್ಬಿಯಲ್ಲಿ ಹೇಳಿಕೊಟ್ಟ.

ಗಿಡ್ಡಿ ಓಡಿದಳು. "ಮಿನ್ ಫದ್ಲಕ್!" ಹಾಯಿಯ ಕಡೆ ಕೊಕ್ಕು ತೋರಿಸಿದಳು. ನಾವಿಕ ದಡಕ್ಕನೆ ಎದ್ದ.

ದುರ್ಗಕ್ಕ ಕಲಿಸಿದಳು,
ದರ್ಜಿ ಹೇಳಿಕೊಟ್ಟ,
ಅಡುಗೆಯವನು ಹೇಳಿಕೊಟ್ಟ,
ನಾವಿಕ ಎದ್ದ,
ಹಾಯಿ ಸರಿಯಿತು,
ಮೊಟ್ಟೆ ಸಿಕ್ಕಿತು!

ನಾವಿಕ ಮೊಟ್ಟೆಯನ್ನು ಮೆಲ್ಲಗೆ ದಂಡೆಗೆ ತಂದು ಇಟ್ಟ. ನುಣ್ಣಗಿತ್ತು, ಬೆಳ್ಳಗಿತ್ತು. ಒಮ್ಮೆ ಸವರಬೇಕು ಅಂತ ಅವನಿಗೆ ಆಸೆಯಾಯಿತು. ಕೈ ಚಾಚಿದ.

ಗಿಡ್ಡಿ ಅಡ್ಡ ನಿಂತಳು. "ಏಯ್! ನಾನು ಮೂರು ಮಾತು ಕಲಿತೆ. ನೀನು ಒಂದು ಕಲಿ. ಕನ್ನಡದಲ್ಲಿ ಕೇಳು!"

ದುರ್ಗಕ್ಕ ಅವನಿಗೆ ಮೆಲ್ಲಗೆ ಹೇಳಿಕೊಟ್ಟಳು. ಅಷ್ಟು ದೊಡ್ಡ ನಾವಿಕ ಅಷ್ಟು ಸಣ್ಣ ಕೋಳಿಗೆ ಬಗ್ಗಿದ.

"ದ... ಯ... ವಿಟ್ಟು."

"ಹ್ಞಾಂ! ಈಗ ಮುಟ್ಟು," ಅಂದಳು ಗಿಡ್ಡಿ.

ಹಡಗು ಕಡಲಿಗೆ, ಮೊಟ್ಟೆ ಕಾವಿಗೆ, ಕತೆ ನಿಮ್ಮ ಮಡಿಲಿಗೆ.