ರಸ್ತೆಯ ಬದಿಯ ಐದು ಸಾಲು

"ಗುರುಗಳೇ, ಕುಲಾಂತರಿ ಬೀಜಗಳ ಮೇಲೆ ಸರ್ಕಾರ ಇಟ್ಟಿರುವ ಕಾವಲು ಗಟ್ಟಿಯೋ ಪೊಳ್ಳೋ ಎಂದು ತೂಗಿ ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾಳೆ ಹೊರಡುತ್ತೇನೆ. ಏನನ್ನು ನೋಡಿ ತೂಗಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಎರೆಸೀಮೆಯಲ್ಲಿ ಒಬ್ಬ ರೈತನಿದ್ದ. ಅವನ ಊರಿಗೆ ಹೊಸ ಹತ್ತಿ ಬಂತು. ತಿಂದ ಹುಳ ಸಾಯುವಂತೆ ಬಲ್ಲವರು ಅದರ ಒಳಗುಣವನ್ನೇ ತಿದ್ದಿದ್ದರು. ಸರ್ಕಾರ ಒಂದು ಕಟ್ಟಳೆ ಹಾಕಿತು: ಹೊಲದ ನಾಲ್ಕೂ ಬದಿಗೆ ಐದೈದು ಸಾಲು, ಹುಳ ತಿಂದು ಬದುಕುವ ಹಳೆಯ ಹತ್ತಿ ಬಿತ್ತಬೇಕು. ರೈತನಿಗೆ ನಗು ಬಂತು. ಹುಳಕ್ಕೆ ಯಾರಾದರೂ ಎಡೆ ಇಡುತ್ತಾರೆಯೇ?

ತನಿಖೆಗೆ ಬರುವ ಅಧಿಕಾರಿ ಜೀಪಿನಿಂದ ಇಳಿಯುತ್ತಿರಲಿಲ್ಲ. ರಸ್ತೆಯಿಂದಲೇ ನೋಡಿ 'ಸರಿಯಿದೆ' ಎಂದು ಬರೆದುಕೊಂಡು ಹೋಗುತ್ತಿದ್ದ. ಹಾಗಾಗಿ ರೈತ ರಸ್ತೆಯ ಬದಿಗೆ ಮಾತ್ರ ಐದು ಸಾಲು ಬಿತ್ತಿದ. ನೆರೆಯವರೂ ಹಾಗೇ ಮಾಡಿದರು. ಕಡತದಲ್ಲಿ ಊರೆಲ್ಲ ಸರಿಯಿತ್ತು.

ಮೂರನೆಯ ವರ್ಷ ಅವನು ಹೊಸ ಹತ್ತಿಯ ಒಂದು ಕಾಯಿ ಬಿಡಿಸಿದ. ಒಳಗೆ ಹುಳ ಜೀವಂತವಾಗಿತ್ತು. ಹೇಳಿದರೆ ತನ್ನ ಕಳ್ಳಾಟ ಹೊರಬೀಳುತ್ತದೆ. ಸುಮ್ಮನಿದ್ದರೆ ಬೆಳೆ ಹೋಗುತ್ತದೆ. "ದೇವರೇ, ನೀನೇ ದಾರಿ ತೋರಿಸು" ಎಂದ.

ಆ ವಾರವೇ ಹೊಸ ಅಧಿಕಾರಿ ಬಂದಳು. ಹಿಂದಿನ ದಿನ ಮಳೆಯಾಗಿತ್ತು. ಆಕೆ ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಹೊಲಕ್ಕಿಳಿದಳು.

"ಅಕ್ಕಾ, ಅಂಟು ಮಣ್ಣು! ರಸ್ತೆಯಿಂದಲೇ ಎಲ್ಲ ಕಾಣ್ತದಲ್ಲ?" ಎಂದ ರೈತ.

ಆಕೆ ಹೊಲದ ಆ ತುದಿಯವರೆಗೂ ಹೋಗಿ ಬಂದಳು. "ಹೌದಣ್ಣಾ, ರಸ್ತೆಗೆ ಕಾಣೋವಷ್ಟೇ ಬಿತ್ತಿದೀರಿ."

ರೈತ ತಲೆತಗ್ಗಿಸಿ ಹುಳವಿದ್ದ ಕಾಯಿಯೊಂದನ್ನು ಅವಳ ಅಂಗೈಯಲ್ಲಿಟ್ಟ. "ದಂಡ ಹಾಕ್ತೀರೇನು?"

"ಮೊದಲು ಕೂತ್ಕೊಳ್ಳಿ" ಎಂದು ಆಕೆ ತಾನೂ ಬದುವಿನ ಮೇಲೆ ಕುಳಿತಳು. "ಹಳೇ ಹತ್ತಿ ತಿಂದು ಬೆಳೆದ ಮೆದು ಹುಳ ಚಿಟ್ಟೆಯಾಗಿ, ಹೊಸ ಹತ್ತಿ ತಿಂದೂ ಸಾಯದ ಇಂಥ ಗಟ್ಟಿ ಹುಳದ ಚಿಟ್ಟೆ ಜೊತೆ ಕೂಡಿದರೆ, ಮರಿಗಳು ಮತ್ತೆ ಮೆದುವಾಗ್ತವೆ, ಹೊಸ ಹತ್ತಿ ತಿಂದರೆ ಸಾಯ್ತವೆ. ಆ ಸಾಲು ಹುಳಕ್ಕಿಟ್ಟ ಎಡೆಯಲ್ಲಣ್ಣಾ, ನಿಮ್ಮ ಹೊಲದ ಬೇಲಿ."

"ಇಷ್ಟು ಮಾತನ್ನ ಮೂರು ವರ್ಷದಿಂದ ಯಾರೂ ಹೇಳಲಿಲ್ಲವಲ್ಲ ತಾಯಿ!"

ಮರುವರ್ಷ ಊರಿನ ಹೊಲಹೊಲದಲ್ಲೂ ನಾಲ್ಕೂ ಬದಿಗೆ ಹಳೆಯ ಹತ್ತಿ ಎದ್ದಿತು. ಸೃಷ್ಟಿಸಿದವನು ಹುಳದ ಪಾಲನ್ನು ಹುಳಕ್ಕೆ ಕೊಟ್ಟ. ರೈತನ ಮನೆಯನ್ನೂ ತುಂಬಿಸಿದ.

ಗುರುಗಳು ಕತೆ ನಿಲ್ಲಿಸಿದರು.

"ತಿಳಿಯಿತು ಗುರುಗಳೇ" ಎಂದ ಶಿಷ್ಯ. "ಕಡತಗಳನ್ನಲ್ಲ, ಅಧಿಕಾರಿಗಳ ಕಾಲಿಗೆ ಮಣ್ಣು ಹತ್ತಿದೆಯೇ ಎಂದು ನೋಡುತ್ತೇನೆ."

ಗುರುಗಳ ಕಣ್ಣು ಬಾಗಿಲ ಬಳಿ ಹೊಳೆಯುತ್ತಿದ್ದ ಅವನ ಹೊಸ ಬೂಟುಗಳ ಮೇಲೆ ನಿಂತಿತು.

"ಅವು ಇಲ್ಲೇ ಇರಲಿ, ಮಗು."